ಪ್ರೊ. ಸತೀಶ್ ಧವನ್ (1920–2002)

ಭಾರತದ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಭದ್ರ ಬುನಾದಿ ಹಾಕಿದವರಲ್ಲಿ ಪ್ರೊ. ಸತೀಶ್ ಧವನ್ ಅಗ್ರಗಣ್ಯರು. ಇವರು 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದರು. ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಸಾಹಿತ್ಯ ಹಾಗೂ ಮೆಕ್ಯಾನಿಕಲ್ ಎಂಜಿನಿಯರಿಂಗ್ ವ್ಯಾಸಂಗ ಮಾಡಿ, 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಿಂದ ಡಾಕ್ಟರೇಟ್ ಪದವಿ ಪಡೆದರು.

ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಮೈಸೂರು ಸಂಸ್ಥಾನವು ನೀಡಿದ ಭೂಮಿಯಲ್ಲಿ ಬೆಳೆದ ಈ ಸಂಸ್ಥೆಗೆ 1962ರಲ್ಲಿ ನಿರ್ದೇಶಕರಾದರು. 1972ರಲ್ಲಿ ಇಸ್ರೋ ಅಧ್ಯಕ್ಷರಾದಾಗಲೂ ಈ ಹುದ್ದೆಯನ್ನು ತೊರೆಯಲಿಲ್ಲ. ಇಸ್ರೋ ಕೇಂದ್ರ ಕಚೇರಿಯು ಬೆಂಗಳೂರಿನಲ್ಲಿ ನೆಲೆಗೊಂಡಿತು. ಪೀಣ್ಯದ ಶೆಡ್ಡುಗಳಲ್ಲಿ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ನಿರ್ಮಿತವಾದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಉಡಾವಣೆಗೊಂಡಿತು.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿದ್ದಿತು. ಯೋಜನೆಯ ನಿರ್ದೇಶಕರು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಆಗಿದ್ದರೂ, ಪತ್ರಕರ್ತರ ಮುಂದೆ ವೈಫಲ್ಯದ ಹೊಣೆಯನ್ನು ಧವನ್ ಅವರೇ ಹೊತ್ತರು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಿಕಾಗೋಷ್ಠಿ ನಡೆಸುವ ಗೌರವವನ್ನು ಕಲಾಂ ಅವರಿಗೆ ಬಿಟ್ಟುಕೊಟ್ಟರು.

1981ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗೆ ಭಾಜನರಾದ ಇವರು 1984ರವರೆಗೆ ಇಸ್ರೋ ಸಂಸ್ಥೆಯನ್ನು ಮುನ್ನಡೆಸಿ, 2002ರ ಜನವರಿ 3ರಂದು ನಿಧನರಾದರು. ಅದೇ ವರ್ಷ ಶ್ರೀಹರಿಕೋಟಾ ಕೇಂದ್ರಕ್ಕೆ ಇವರ ಹೆಸರನ್ನಿಡಲಾಯಿತು. ಸೋಲಿನ ಭಾರವನ್ನು ತಾವು ಹೊತ್ತು ಗೆಲುವಿನ ಕೀರ್ತಿಯನ್ನು ಕಿರಿಯರಿಗೆ ನೀಡಿದ ಇವರ ನಡೆಯು ಬಾಹ್ಯಾಕಾಶ ವಿಜ್ಞಾನದತ್ತ ಹೆಜ್ಜೆಯಿಡುವ ವಿದ್ಯಾರ್ಥಿಗಳಿಗೆ ಆದರ್ಶಪ್ರಾಯವಾಗಿದೆ.