ನಿಂತ ಮಿಷನ್ನಿಗೂ ಬಾಡಿಗೆ: ಸ್ಯಾಮ್ಯುಯಲ್ ಇನ್ಸಲ್

ಲೋಡ್ ಫ್ಯಾಕ್ಟರ್ ಅಂದ್ರೆ ಸರಾಸರಿ ಲೋಡನ್ನು ಗರಿಷ್ಠ ಲೋಡಿನಿಂದ ಭಾಗಿಸೋದು. ನಾವೆಲ್ಲ ಇದನ್ನು ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕಿಗೆ ಬರೆದು ಮರೆತವರೇ. ಈ ಒಂದು ಭಾಗಾಕಾರ ಹಿಡ್ಕೊಂಡು ಷಿಕಾಗೋ ನಗರದ ಕರೆಂಟ್ ವ್ಯಾಪಾರವನ್ನೇ ಕಟ್ಟಿದವನು ಸ್ಯಾಮ್ಯುಯಲ್ ಇನ್ಸಲ್. ಆತ ಎಂಜಿನಿಯರ್ ಅಲ್ಲ, ಕಾಲೇಜು ಮೆಟ್ಟಿಲನ್ನೂ ಹತ್ತಿರಲಿಲ್ಲ.

ಹುಟ್ಟಿದ್ದು 1859ರಲ್ಲಿ, ಲಂಡನ್ನಿನಲ್ಲಿ. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟು ಗುಮಾಸ್ತನಾದ, ಶಾರ್ಟ್‌ಹ್ಯಾಂಡ್ ಕಲಿತ. 1879ರಲ್ಲಿ ಪೇಪರ್ ಜಾಹೀರಾತು ನೋಡಿ ಹೊಸ ಕೆಲಸಕ್ಕೆ ಸೇರಿದ. ಕೆಲಸ ಕೊಟ್ಟವರು ಎಡಿಸನ್ನನ ಲಂಡನ್ ಪ್ರತಿನಿಧಿ. ಎರಡು ವರ್ಷಕ್ಕೆ ಅಮೆರಿಕದಿಂದ ಕರೆ ಬಂತು. 1881ರಲ್ಲಿ, 21ರ ಹರೆಯದಲ್ಲಿ, ಎಡಿಸನ್ನನ ಖಾಸಗಿ ಕಾರ್ಯದರ್ಶಿಯಾದ. ಎಡಿಸನ್‌ಗೆ ಪ್ರಯೋಗದ ಮೇಲಿದ್ದ ಗಮನ ಲೆಕ್ಕಪತ್ರದ ಮೇಲೆ ಇರಲಿಲ್ಲ. ಪತ್ರ, ಸಾಲ, ಬಿಲ್ಲು ಎಲ್ಲ ಈ ಹುಡುಗನ ತಲೆಗೆ ಬಂತು. 1886ರಲ್ಲಿ ಎಡಿಸನ್ನನ ಮಿಷನ್ ಕಾರ್ಖಾನೆ ಸ್ಕೆನೆಕ್ಟಡಿ ಊರಿಗೆ ಹೋದಾಗ ಅದನ್ನು ನಡೆಸಿ, ಕೆಲವು ನೂರು ಕೆಲಸಗಾರರಿದ್ದ ಜಾಗವನ್ನು ಸಾವಿರಾರು ಜನರ ಕಾರ್ಖಾನೆ ಮಾಡಿದ. (1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿಯಿತಲ್ಲ, ಅಲ್ಲಿನ ಜನರೇಟರುಗಳು ಬಂದದ್ದು ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಅಷ್ಟು ಹೊತ್ತಿಗೆ ಇನ್ಸಲ್ ಅಲ್ಲಿ ಇರಲಿಲ್ಲ.)

1892ರಲ್ಲಿ ಎಡಿಸನ್ ಕಂಪನಿ ಬೇರೊಂದರ ಜೊತೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು. ಇನ್ಸಲ್‌ಗೆ ಅಲ್ಲಿ ವರ್ಷಕ್ಕೆ 36,000 ಡಾಲರ್ ಸಂಬಳದ ಹುದ್ದೆ ಕಾದಿತ್ತು. ಅದನ್ನು ಬಿಟ್ಟು 12,000 ಡಾಲರಿಗೆ ಷಿಕಾಗೋ ಎಡಿಸನ್ ಅನ್ನೋ ಸಣ್ಣ ಕಂಪನಿಯ ಅಧ್ಯಕ್ಷನಾಗಿ ಹೋದ. ಮೂರರಲ್ಲಿ ಒಂದು ಪಾಲು ಪ್ಯಾಕೇಜಿಗೆ ಯಾರು ಹೋಗ್ತಾರೆ ಅಂತ ನಮ್ಮ ಪ್ಲೇಸ್‌ಮೆಂಟ್ ಸೆಲ್ ಕೇಳಬಹುದು.

ಅಲ್ಲಿ ಅವನಿಗೆ ಎದುರಾದ ತಲೆನೋವು ಇದು. ಕರೆಂಟನ್ನು ಗೋಣಿಚೀಲದಲ್ಲಿ ತುಂಬಿಡೋಕೆ ಆಗಲ್ಲ. ಸಂಜೆ ಎಲ್ಲರೂ ಒಟ್ಟಿಗೆ ದೀಪ ಹಾಕುವ ಒಂದೆರಡು ಗಂಟೆಗೆ ಸಾಕಾಗುವಷ್ಟು ದೊಡ್ಡ ಮಿಷನ್ ಬೇಕು. ಉಳಿದ ಹೊತ್ತು ಅದು ಸುಮ್ಮನೆ ನಿಂತಿರುತ್ತೆ. ಆದರೆ ಅದನ್ನು ಕೊಳ್ಳೋಕೆ ಮಾಡಿದ ಸಾಲದ ಬಡ್ಡಿ ಸುಮ್ಮನೆ ನಿಲ್ಲೋದಿಲ್ಲ. 1894ರ ಚಳಿಗಾಲದಲ್ಲಿ ಇಂಗ್ಲೆಂಡಿಗೆ ಹೋದಾಗ ಬ್ರೈಟನ್ ಊರಿನಲ್ಲಿ ಅಂಗಡಿಗಳ ದೀಪ ಧಾರಾಳವಾಗಿ ಉರಿಯೋದು ಕಂಡ. ವಿಚಾರಿಸಿದರೆ, ಅಲ್ಲಿ ಆರ್ಥರ್ ರೈಟ್ ಎಂಬ ಎಂಜಿನಿಯರ್ ಬೇರೆ ಥರದ ಮೀಟರ್ ಹಾಕಿದ್ದ. ಗ್ರಾಹಕ ಒಂದೇ ಸಲಕ್ಕೆ ಗರಿಷ್ಠ ಎಷ್ಟು ಎಳೆದ ಅನ್ನೋದನ್ನು ಅದು ಗುರುತಿಡುತ್ತಿತ್ತು.

ನಾವು ಇದನ್ನು ಹೀಗೆ ಅರ್ಥ ಮಾಡ್ಕೊಂಡಿದ್ದೇವೆ. ಒಬ್ಬ 1 ಕಿಲೋವ್ಯಾಟನ್ನು 100 ಗಂಟೆ ಬಳಸಿದ. ಇನ್ನೊಬ್ಬ 10 ಕಿಲೋವ್ಯಾಟನ್ನು 10 ಗಂಟೆ ಬಳಸಿದ. ಇಬ್ಬರದೂ 100 ಯೂನಿಟ್. ಆದರೆ ಎರಡನೆಯವನಿಗಾಗಿ ಹತ್ತು ಪಟ್ಟು ದೊಡ್ಡ ಮಿಷನ್ ಸಿದ್ಧವಾಗಿರಬೇಕು. ಯೂನಿಟ್ ಲೆಕ್ಕ ಮಾತ್ರ ನೋಡಿದರೆ ಮೊದಲನೆಯವನು ಎರಡನೆಯವನ ಮಿಷನ್ನಿಗೆ ದುಡ್ಡು ಕೊಡ್ತಿದ್ದಾನೆ. ಹಾಗಾಗಿ ಬಿಲ್ಲನ್ನು ಎರಡು ಭಾಗ ಮಾಡು: ಸಿದ್ಧವಾಗಿ ನಿಂತಿದ್ದಕ್ಕೆ ಒಂದು, ಸುಟ್ಟ ಇಂಧನಕ್ಕೆ ಇನ್ನೊಂದು. ಇನ್ಸಲ್ ಈ ಲೆಕ್ಕವನ್ನು ಷಿಕಾಗೋಗೆ ತಂದ. ಮನೆಯ ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿನ ದರಕ್ಕಿಂತ ಬೇರೆಯಾಗಿ ಬರುವ, ಅಪ್ಪಂದಿರು ಪ್ರತಿ ತಿಂಗಳು ಬೈಯುವ ನಿಗದಿತ ಶುಲ್ಕದ ಹಿಂದಿರೋದೂ ಇದೇ ಯೋಚನೆ.

ಮಿಷನ್ ನಿಂತಿರೋ ಹೊತ್ತನ್ನೇ ಕಡಿಮೆ ಮಾಡೋದು ಅವನ ಇನ್ನೊಂದು ದಾರಿ. ಹಗಲು ಕಾರ್ಖಾನೆ, ಬೆಳಿಗ್ಗೆ ಸಂಜೆ ರೈಲು, ರಾತ್ರಿ ಮನೆ, ಬೇಸಿಗೆಗೆ ಐಸ್ ಮಾಡುವವರು. ಎಲ್ಲರ ಗರಿಷ್ಠ ಲೋಡ್ ಒಂದೇ ಹೊತ್ತಿಗೆ ಬರಲ್ಲ, ಆದ್ದರಿಂದ ಎಲ್ಲರನ್ನೂ ಒಂದೇ ಸ್ಟೇಷನ್ನಿಗೆ ಕಟ್ಟು. 1903ರಲ್ಲಿ ಫಿಸ್ಕ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ 5,000 ಕಿಲೋವ್ಯಾಟಿನ ಸ್ಟೀಮ್ ಟರ್ಬೈನ್ ನಿಲ್ಲಿಸಿದ. ಆ ಕಾಲಕ್ಕೆ ಅದು ದೈತ್ಯ. 1907ರಲ್ಲಿ ಕಂಪನಿ ಕಾಮನ್‌ವೆಲ್ತ್ ಎಡಿಸನ್ ಆಯಿತು. 1910ರಿಂದ ಪಕ್ಕದ ಲೇಕ್ ಕೌಂಟಿಯ ಸಣ್ಣ ಊರುಗಳಿಗೂ ಲೈನ್ ಎಳೆದ. ಊರಿಗೊಂದು ಸ್ಟ್ಯಾಂಡ್‌ಬೈ ಮಿಷನ್ ಯಾಕೆ, ಲೈನ್ ಇದ್ದರೆ ಎಲ್ಲರಿಗೂ ಸೇರಿ ಒಂದು ಸಾಕಲ್ಲ!

ಲೈನಿನಲ್ಲಿ ಜಾಗ ಇರೋವರೆಗೆ ಮಾತ್ರ ಈ ಲೆಕ್ಕ ನಡೆಯುತ್ತೆ. ಜಾಗ ತುಂಬಿದರೆ ಏನಾಗುತ್ತೆ ಅನ್ನೋದಕ್ಕೆ ಇನ್ಸಲ್‌ನದೇ ಊರು ಉದಾಹರಣೆ. ಅವನ ಕಂಪನಿ ಈಗ ಕಾಮ್‌ಎಡ್, 2004ರಿಂದ ಪಿಜೆಎಂ ಎಂಬ ಹದಿಮೂರು ರಾಜ್ಯಗಳ ವಿದ್ಯುತ್ ಮಾರುಕಟ್ಟೆಯ ಒಂದು ವಲಯ. ಅಲ್ಲಿ ಸ್ಟೇಷನ್ನುಗಳಿಗೆ ಯೂನಿಟ್ ಮಾರಿದ ದುಡ್ಡಲ್ಲದೆ, ಸಿದ್ಧವಾಗಿರೋದಕ್ಕೆ ಮೆಗಾವ್ಯಾಟಿಗೆ ದಿನಕ್ಕೆ ಇಷ್ಟು ಅಂತ ಹರಾಜಿನಲ್ಲಿ ಬೆಲೆ ಸಿಗುತ್ತೆ. 2017ರಲ್ಲಿ ನಡೆದ, 2020-21ರ ಹರಾಜಿನಲ್ಲಿ ಹೆಚ್ಚಿನ ಕಡೆ ಬೆಲೆ 76.53 ಡಾಲರ್, ಕಾಮ್‌ಎಡ್ ವಲಯದಲ್ಲಿ 188.12. ಒಂದು ವಲಯಕ್ಕೆ 100 ಬೇಕು, ಹೊರಗಿನಿಂದ ಲೈನ್ ತರೋಕಾಗೋದು 20 ಅಂತಿಟ್ಕೊಳ್ಳಿ. ಹೊರಗೆ ಅಗ್ಗದ ಸ್ಟೇಷನ್ನುಗಳು ಸಾಲಾಗಿ ನಿಂತಿದ್ದರೂ ಇಪ್ಪತ್ತೊಂದನೆಯದು ಈ ವಲಯದ ಲೆಕ್ಕಕ್ಕೆ ಸೇರಲ್ಲ. ಕಷ್ಟದ ದಿನ ಅದರ ಕರೆಂಟ್ ಇಲ್ಲಿಗೆ ತಲುಪೋದೇ ಇಲ್ಲವಲ್ಲ. ಉಳಿದ 80ನ್ನು ಒಳಗಿನವರಿಂದಲೇ, ಅವರು ಕೇಳಿದ ಬೆಲೆಗೆ ತಗೋಬೇಕು. ಆ ಬೆಲೆ ಕೊನೆಗೆ ಬೀಳೋದು ಒಳಗಿನ ಗ್ರಾಹಕರ ಬಿಲ್ಲಿನ ಮೇಲೆ. ಹೆಚ್ಚಿನ ಬೆಲೆ ಕಂಡು ಒಳಗೆ ಹೊಸ ಸ್ಟೇಷನ್ ಬರಲಿ, ಇಲ್ಲಾ ಹೊಸ ಲೈನ್ ಬರಲಿ ಅನ್ನೋದು ಈ ವ್ಯವಸ್ಥೆಯ ಆಸೆ. ಆದರೆ ಈಗಾಗಲೇ ಒಳಗೆ ಸ್ಟೇಷನ್ ಇಟ್ಕೊಂಡವನಿಗೆ ಹೊಸ ಲೈನ್ ಯಾಕೆ ಬೇಕು? ಈ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಸಮಾಧಾನದ ಉತ್ತರ ಸಿಕ್ಕಿಲ್ಲ.

ಇನ್ಸಲ್ ಕಥೆಗೆ ಬರೋಣ. 1912ರಲ್ಲಿ ಮಿಡ್ಲ್ ವೆಸ್ಟ್ ಯುಟಿಲಿಟೀಸ್ ಎಂಬ ಹೋಲ್ಡಿಂಗ್ ಕಂಪನಿ ಮಾಡಿದ. ಕಂಪನಿಯ ಮೇಲೆ ಕಂಪನಿ ಕೂತು ಅವನ ಸಾಮ್ರಾಜ್ಯ 32 ರಾಜ್ಯಗಳಿಗೆ ಹಬ್ಬಿತು. ಸಾಮಾನ್ಯ ಜನ, ಅವನ ಗ್ರಾಹಕರೇ, ಷೇರು ಕೊಂಡರು. 1928ರ ಹೊತ್ತಿಗೆ ಸೈರಸ್ ಈಟನ್ ಎಂಬ ಹಣವಂತ ಇವನ ಕಂಪನಿಗಳ ಷೇರು ಒಟ್ಟು ಮಾಡೋಕೆ ಶುರು ಮಾಡಿದಾಗ, ಹಿಡಿತ ತಪ್ಪುತ್ತೆ ಅಂತ ಹೆದರಿ 1930ರಲ್ಲಿ ಸಾಲ ಮಾಡಿ ಅವನ ಪಾಲನ್ನೆಲ್ಲ ಕೊಂಡ. ಅಡ ಇಟ್ಟಿದ್ದು ತನ್ನದೇ ಕಂಪನಿಗಳ ಷೇರು. ಅವುಗಳ ಬೆಲೆ ಬೀಳ್ತಾ ಹೋಯಿತು. ನಿಂತ ಮಿಷನ್ನಿಗೂ ಬಡ್ಡಿ ಓಡುತ್ತೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಇವನೇ. ಷೇರಿನ ಸಾಲದಲ್ಲಿ ಅದು ಯಾಕೆ ಹೊಳೀಲಿಲ್ಲವೋ. 1932ರಲ್ಲಿ ಎಲ್ಲ ಕುಸಿಯಿತು. ಆದರೆ ಕಾಮನ್‌ವೆಲ್ತ್ ಎಡಿಸನ್ ಉಳಿಯಿತು, ದೀಪ ಆರಲಿಲ್ಲ. ಉಳಿತಾಯವೆಲ್ಲ ಷೇರಿಗೆ ಹಾಕಿದ್ದ ಲಕ್ಷಾಂತರ ಮನೆಗಳ ದುಡ್ಡು ಹೋಯಿತು.

ಇನ್ಸಲ್ ಯುರೋಪಿಗೆ ಹೋದ, ಗ್ರೀಸಿನಲ್ಲಿ ಅಡಗಿದ. 1934ರಲ್ಲಿ ಇಸ್ತಾಂಬುಲ್‌ನಲ್ಲಿ ಹಿಡಿದು ವಾಪಸ್ ತಂದರು. ಮೂರು ಸಲ ವಿಚಾರಣೆ ನಡೆಯಿತು, ಮೂರರಲ್ಲೂ ಖುಲಾಸೆ. ಕಂಪನಿಯ ಮೇಲೆ ಕಂಪನಿ ಕೂರಿಸುವ ಆಟಕ್ಕೆ 1935ರಲ್ಲಿ ಕಾನೂನು ಬಂತು. ನಮ್ಮ ಕ್ಲಬ್ಬಿನಲ್ಲಿ ಇಬ್ಬರಿಗೆ ಈತ ಇವತ್ತಿಗೂ ಹೀರೋ. ಉಳಿದವರು ಕೋರ್ಟು ಬಿಟ್ಟ ಮಾತ್ರಕ್ಕೆ ಆ ಷೇರುದಾರರ ದುಡ್ಡು ವಾಪಸ್ ಬಂತಾ ಅಂತ ಕೇಳ್ತೇವೆ.

1938ರ ಜುಲೈ 16ರಂದು ಪ್ಯಾರಿಸ್ಸಿನ ಮೆಟ್ರೋ ಸ್ಟೇಷನ್ನಿನಲ್ಲಿ ಹೃದಯಾಘಾತವಾಗಿ ಕುಸಿದು ಸತ್ತ. ವಯಸ್ಸು 78.