ಸೆರೆಮನೆಯ ಸೋದರಿಯರ ಪರ ನಿಂತ ಸ್ನೇಹಲತಾ ರೆಡ್ಡಿ

ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯಿಂದ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದಿಳಿಯುವವರಿಗೆ ಫ್ರೀಡಂ ಪಾರ್ಕ್ ದೂರವೇನಲ್ಲ. ಇಂದು ಧರಣಿ, ಪ್ರತಿಭಟನೆಗಳ ತಾಣವಾಗಿರುವ ಈ ಸ್ಥಳ ಹಿಂದೆ ಬೆಂಗಳೂರು ಕೇಂದ್ರ ಕಾರಾಗೃಹವಾಗಿತ್ತು. ತುರ್ತುಪರಿಸ್ಥಿತಿಯ ದಿನಗಳಲ್ಲಿ ವಾಜಪೇಯಿ, ಅಡ್ವಾಣಿಯಂತಹ ನಾಯಕರು ಇಲ್ಲಿ ಬಂಧಿಗಳಾಗಿದ್ದುದನ್ನು ಬಹಳ ಜನ ಬಲ್ಲರು. ಇದೇ ಸೆರೆಮನೆಯಲ್ಲಿ ಎಂಟು ತಿಂಗಳು ಕಳೆದು, ಹೊರಬಂದ ಐದೇ ದಿನಗಳಲ್ಲಿ ಕೊನೆಯುಸಿರೆಳೆದ ಕಲಾವಿದೆ ಸ್ನೇಹಲತಾ ರೆಡ್ಡಿಯವರನ್ನು ನೆನೆಯುವವರು ಕಡಿಮೆ.

ಸ್ನೇಹಲತಾ 1932ರಲ್ಲಿ ಆಂಧ್ರ ಮೂಲದ ಕ್ರೈಸ್ತ ಕುಟುಂಬದಲ್ಲಿ ಜನಿಸಿದರು. ತೆಲುಗು ಕವಿ, ಚಿತ್ರ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರನ್ನು ವಿವಾಹವಾದರು. ಮದರಾಸಿನ ಹೆಸರಾಂತ ನಾಟಕ ತಂಡ 'ಮದ್ರಾಸ್ ಪ್ಲೇಯರ್ಸ್' ಸ್ಥಾಪಕರಲ್ಲಿ ಇವರೂ ಒಬ್ಬರು. ದಂಪತಿಗಳಿಬ್ಬರೂ ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ವಿಚಾರಗಳಿಗೆ ಮಾರುಹೋದವರು. 1970ರಲ್ಲಿ ಪತಿಯ ನಿರ್ದೇಶನದ 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿ ಕನ್ನಡಿಗರ ಮನ ಗೆದ್ದರು.

1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತುಪರಿಸ್ಥಿತಿ ಜಾರಿಯಾಯಿತು. ಇಲ್ಲಿ ಸೇನೆ ಅಧಿಕಾರ ಹಿಡಿಯಲಿಲ್ಲ ನಿಜ. ಆದರೆ ಪತ್ರಿಕೆಗಳ ಬಾಯಿಗೆ ಬೀಗ ಬಿತ್ತು, ವಿಚಾರಣೆಯಿಲ್ಲದೆ ಸಾವಿರಾರು ಜನ ಸೆರೆಮನೆ ಸೇರಿದರು. ಅಂತಹ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫೆರ್ನಾಂಡಿಸ್ ಆಗ ಭೂಗತರಾಗಿದ್ದರು. ಅವರನ್ನು ಹುಡುಕುತ್ತಿದ್ದ ಪೊಲೀಸರು ಮೇ 1ರಂದು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್ ಅವರನ್ನು ಹಿಡಿದು ಚಿತ್ರಹಿಂಸೆ ನೀಡಿದರು. ತಾಯಿ ಆಲಿಸ್ ಎದೆಗುಂದಲಿಲ್ಲ. ಮಗನಿಗಾದ ಹಿಂಸೆಯನ್ನು ವಿವರಿಸಿ ರಾಷ್ಟ್ರಪತಿಯವರಿಗೆ ಪತ್ರ ಬರೆದರು. ಮರುದಿನ, ಅಂದರೆ ಮೇ 2ರಂದು, ಈ ಕುಟುಂಬದ ಸ್ನೇಹಿತೆಯಾಗಿದ್ದ ಸ್ನೇಹಲತಾ ಅವರ ಬಂಧನವಾಯಿತು. ಬರೋಡಾ ಡೈನಮೈಟ್ ಪ್ರಕರಣದ ನಂಟು ಹೇಳಲಾಯಿತಾದರೂ ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ 'ಮೀಸಾ' ಕಾಯ್ದೆಯಡಿ ಅವರನ್ನು ಒಳಗೇ ಇರಿಸಲಾಯಿತು.

ಸೆರೆಮನೆಯಲ್ಲಿ ಅವರ ಸುತ್ತಲಿದ್ದವರು ರಾಜಕೀಯ ಕೈದಿಗಳಲ್ಲ. ಕೇಳುವವರಿಲ್ಲದ ಬಡ ಹೆಣ್ಣುಮಕ್ಕಳು. ಅವರಿಗೆ ಬೀಳುತ್ತಿದ್ದ ಹೊಡೆತ, ಸಿಗುತ್ತಿದ್ದ ಕಳಪೆ ಊಟ ಕಂಡು ಸ್ನೇಹಲತಾ ಸುಮ್ಮನಿರಲಿಲ್ಲ. ಅಧಿಕಾರಿಗಳೊಡನೆ ವಾದಿಸಿದರು, ಪ್ರತಿಭಟಿಸಿದರು. ಹೊಡೆತ ನಿಂತಿತು, ಊಟ ಒಂದಿಷ್ಟು ಸುಧಾರಿಸಿತು. ಆ ಮಹಿಳೆಯರಿಗೆ ಹಾಡು, ಆಟ ಕಲಿಸಿ ಧೈರ್ಯ ತುಂಬಿದರು. ಒಳಗಿನ ಕಷ್ಟಗಳನ್ನು ದಿನಚರಿಯಲ್ಲಿ ಬರೆದಿಟ್ಟರು.

ಆದರೆ ಅವರಿಗೆ ಮೊದಲಿನಿಂದಲೂ ಆಸ್ತಮಾ ಇತ್ತು. ಸೆರೆಮನೆಯಲ್ಲಿ ಅದು ಉಲ್ಬಣಿಸಿತು. ತಕ್ಕ ಚಿಕಿತ್ಸೆ ದೊರೆಯಲಿಲ್ಲ. ರಾತ್ರಿಯ ಮೌನದಲ್ಲಿ ಅವರ ನರಳಾಟ ತಮಗೆ ಕೇಳಿಸುತ್ತಿತ್ತೆಂದು ಅಲ್ಲಿಯೇ ಬಂಧಿಯಾಗಿದ್ದ ಮಧು ದಂಡವತೆ ಮುಂದೆ ನೆನಪಿಸಿಕೊಂಡಿದ್ದಾರೆ. ದೇಹಸ್ಥಿತಿ ತೀರಾ ಹದಗೆಟ್ಟ ಮೇಲೆ, 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಡುಗಡೆ ಮಾಡಲಾಯಿತು. ಜನವರಿ 18ರಂದು ಚುನಾವಣೆ ಘೋಷಣೆಯಾಯಿತು. ಜನವರಿ 20ರಂದು ಸ್ನೇಹಲತಾ ತೀರಿಕೊಂಡರು. ತಾವು ಬಯಸಿದ್ದ ಪ್ರಜಾಪ್ರಭುತ್ವ ಮಾರ್ಚ್ ತಿಂಗಳಲ್ಲಿ ಮರಳಿದಾಗ ಅದನ್ನು ಕಾಣಲು ಅವರಿರಲಿಲ್ಲ. ಅವರ ಸೆರೆಮನೆ ದಿನಚರಿ ಅದೇ ವರ್ಷ ಪುಸ್ತಕವಾಗಿ ಹೊರಬಂತು.

ದೊಡ್ಡ ನಾಯಕರು ಸೆರೆಯಿಂದ ಹೊರಬಂದು ಮಂತ್ರಿಗಳಾದರು. ಸ್ನೇಹಲತಾ ಯಾರ ಪರವಾಗಿ ದನಿಯೆತ್ತಿದರೋ ಆ ಮಹಿಳೆಯರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಮತ ಹಾಕುವ ಹಕ್ಕಿನಷ್ಟೇ, ಹೊಡೆತ ತಿನ್ನದೆ ಬದುಕುವ ಹಕ್ಕೂ ಪ್ರಜಾಪ್ರಭುತ್ವವೇ ಎಂಬುದನ್ನು ಅವರು ಬದುಕಿ ತೋರಿಸಿದರು. ಸೆರೆಮನೆಗಳಿಗೆ ಭೇಟಿ ನೀಡುವ ನಮ್ಮ ಧರ್ಮಕೇಂದ್ರಗಳ ಸೇವಾಕರ್ತರು ಇದನ್ನು ಮನಗಾಣಬೇಕು. ಹಣ್ಣು, ಬಟ್ಟೆ ಹಂಚಿ ಬರುವುದು ಒಳ್ಳೆಯದೇ. ಅವರಿಗೆ ಅನ್ಯಾಯವಾದಾಗ ಕೇಳುವುದು ಇನ್ನೂ ದೊಡ್ಡದು.

ಇತ್ತೀಚಿನ ವರ್ಷಗಳಲ್ಲಿ ಅಂಗನವಾಡಿ, ಆಶಾ ಕಾರ್ಯಕರ್ತೆಯರು ತಮ್ಮ ಹಕ್ಕುಗಳಿಗಾಗಿ ಚಳಿಯಲ್ಲೂ ಧರಣಿ ಕುಳಿತದ್ದು ಇದೇ ಫ್ರೀಡಂ ಪಾರ್ಕಿನಲ್ಲಿ. ಮುಂದೆ ಆ ದಾರಿಯಲ್ಲಿ ಸಾಗುವಾಗ ಸ್ನೇಹಲತಾ ಅವರನ್ನೊಮ್ಮೆ ನೆನೆಯೋಣ.