ಹೆನ್ರಿ ಜಾನ್ ಹಾರ್ಸ್ಟ್‌ಮನ್ ಫೆಂಟನ್

ಹೆನ್ರಿ ಜಾನ್ ಹಾರ್ಸ್ಟ್‌ಮನ್ ಫೆಂಟನ್ (18 ಫೆಬ್ರವರಿ 1854 – 13 ಜನವರಿ 1929) ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ. ಕಬ್ಬಿಣದ ಫೆರಸ್ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ಗಳ ಮಿಶ್ರಣವು ಸಾವಯವ ಸಂಯುಕ್ತಗಳನ್ನು ಉತ್ಕರ್ಷಣಕ್ಕೆ ಒಳಪಡಿಸುವ ಕ್ರಿಯೆಯನ್ನು ಮೊದಲು ಗುರುತಿಸಿ ಅಧ್ಯಯನ ಮಾಡಿದವರು ಇವರು. ಈ ಮಿಶ್ರಣವನ್ನು ಫೆಂಟನ್ ಕಾರಕ ಎಂದು ಕರೆಯುತ್ತಾರೆ. ಪೆಟ್ರೋಲಿಯಂ ತೈಲ, ಕೈಗಾರಿಕಾ ದ್ರಾವಕ, ಕೀಟನಾಶಕ ಮೊದಲಾದವುಗಳಿಂದ ಮಲಿನವಾದ ಮಣ್ಣನ್ನು ಅಗೆದು ಸಾಗಿಸದೆ ಇದ್ದಲ್ಲಿಯೇ ಶುದ್ಧಗೊಳಿಸುವ ರಾಸಾಯನಿಕ ವಿಧಾನಗಳಲ್ಲಿ ಈ ಕಾರಕದ ಬಳಕೆಯೂ ಒಂದು. ಆದರೆ ಫೆಂಟನ್ ಅವರ ಜೀವಿತಕಾಲದಲ್ಲಿ ಅವರ ಸಂಶೋಧನೆಗೂ ಮಣ್ಣಿನ ಶುದ್ಧೀಕರಣಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಜೀವನ

ಫೆಂಟನ್ ಲಂಡನ್ ಸಮೀಪದ ಈಲಿಂಗ್‌ನಲ್ಲಿ ಜನಿಸಿದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿಯೂ ಅನಂತರ ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. 1878ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಯೋಗ ಬೋಧಕರಾಗಿ ನೇಮಕಗೊಂಡು, 1904ರಿಂದ 1924ರವರೆಗೆ ಅಲ್ಲಿಯೇ ಉಪನ್ಯಾಸಕರಾಗಿದ್ದರು. 1899ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನೂ ಬರೆದರು.

ನೇರಳೆ ಬಣ್ಣ

ಫೆಂಟನ್ ಅವರ ಹೆಸರನ್ನು ಉಳಿಸಿದ ಕೆಲಸ ಆರಂಭವಾದದ್ದು ಅವರು ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಸಹಪಾಠಿಯೊಬ್ಬರು ಪ್ರಯೋಗಾಲಯದ ಕಾರಕಗಳನ್ನು ಗೊತ್ತುಗುರಿಯಿಲ್ಲದೆ ಬೆರೆಸುತ್ತಿದ್ದಾಗ ನೇರಳೆ ಬಣ್ಣವೊಂದು ಮೂಡಿತೆಂದೂ, ಅದರ ಕಾರಣವನ್ನು ಫೆಂಟನ್ ಹುಡುಕಿದರೆಂದೂ ಹೇಳಲಾಗುತ್ತದೆ. ಟಾರ್ಟಾರಿಕ್ ಆಮ್ಲಕ್ಕೆ ಅತ್ಯಲ್ಪ ಫೆರಸ್ ಲವಣವನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ಸೇರಿಸಿ, ಬಳಿಕ ಕ್ಷಾರವನ್ನು ಹಾಕಿದರೆ ಈ ಬಣ್ಣ ಬರುತ್ತಿತ್ತು. ಹುಣಸೆಹಣ್ಣಿನ ಹುಳಿಗೆ ಮುಖ್ಯ ಕಾರಣವಾದ ಆಮ್ಲವೇ ಟಾರ್ಟಾರಿಕ್ ಆಮ್ಲ. 1876ರಲ್ಲಿ ಕೆಮಿಕಲ್ ನ್ಯೂಸ್ ಪತ್ರಿಕೆಯಲ್ಲಿ ಪ್ರಕಟವಾದ ಕಿರುಟಿಪ್ಪಣಿಯಲ್ಲಿ ಫೆಂಟನ್ ಇದನ್ನು ಆ ಆಮ್ಲದ ಹೊಸ ಕ್ರಿಯೆಯೆಂದು ವರದಿ ಮಾಡಿದರು. ಆಮ್ಲವನ್ನು ಪತ್ತೆಹಚ್ಚುವ ಪರೀಕ್ಷೆಯಾಗಿ ಅದಕ್ಕೆ ಬೆಲೆಯಿತ್ತು.

ಪೂರ್ಣ ವಿವರಣೆ ಬಂದದ್ದು ಹದಿನೆಂಟು ವರ್ಷಗಳ ನಂತರ, 1894ರಲ್ಲಿ, ಲಂಡನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ. ಟಾರ್ಟಾರಿಕ್ ಆಮ್ಲವು ಉತ್ಕರ್ಷಣಗೊಂಡು ಡೈಹೈಡ್ರಾಕ್ಸಿಮೆಲಿಕ್ ಆಮ್ಲವಾಗುತ್ತದೆಂದೂ, ಬಣ್ಣಕ್ಕೆ ಈ ಹೊಸ ಆಮ್ಲವೇ ಕಾರಣವೆಂದೂ ಫೆಂಟನ್ ನಿರ್ಧರಿಸಿದರು. ಇನ್ನೊಂದು ಸಂಗತಿ ಅದಕ್ಕಿಂತ ಮಹತ್ವದ್ದು. ಕಬ್ಬಿಣವು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಬಹಳಷ್ಟು ಆಮ್ಲ ಮಾರ್ಪಡುತ್ತಿತ್ತು. ಅಂದರೆ ಕಬ್ಬಿಣ ಇಲ್ಲಿ ಖರ್ಚಾಗಿ ಮುಗಿಯುವ ವಸ್ತುವಲ್ಲ, ವೇಗವರ್ಧಕ. ಮುಂದೆ ಅವರು ಗ್ಲಿಸರಾಲ್‌ನಂತಹ ಬಹುಹೈಡ್ರಿಕ್ ಆಲ್ಕೊಹಾಲುಗಳ ಮೇಲೂ ಇದೇ ಕ್ರಿಯೆಯನ್ನು ಪರೀಕ್ಷಿಸಿದರು. ಮಿಲ್ಡ್ರೆಡ್ ಗೋಸ್ಲಿಂಗ್ ಅವರೊಡನೆ ನಡೆಸಿದ, ಸಕ್ಕರೆಗಳ ಮೇಲೆ ಹೈಡ್ರೋಜನ್ ಬ್ರೋಮೈಡಿನ ಪರಿಣಾಮದ ಅಧ್ಯಯನವೂ ಉಲ್ಲೇಖಾರ್ಹ.

ಫೆಂಟನ್ ಅವರ ಉದ್ದೇಶ ಯಾವ ವಸ್ತುವನ್ನೂ ನಾಶಮಾಡುವುದಾಗಿರಲಿಲ್ಲ. ಹಿತಮಿತವಾದ ಉತ್ಕರ್ಷಣದಿಂದ ಹೊಸ ಸಂಯುಕ್ತವನ್ನು ಪಡೆದು, ಬೇರ್ಪಡಿಸಿ, ಅದರ ರಚನೆಯನ್ನು ತಿಳಿಯುವುದು ಅವರಿಗೆ ಬೇಕಾಗಿತ್ತು. ಜರ್ಮನಿಯ ಒಟ್ಟೊ ರುಫ್ 1898ರಲ್ಲಿ ಸಕ್ಕರೆಯ ಅಣುವಿನಿಂದ ಒಂದು ಇಂಗಾಲದ ಪರಮಾಣುವನ್ನು ಕಡಿಮೆಮಾಡಲು ಇದೇ ಕ್ರಿಯೆಯನ್ನು ಬಳಸಿದ್ದೂ ಅದೇ ಮನೋಧರ್ಮದಲ್ಲಿ. ಮಣ್ಣನ್ನು ಶುದ್ಧಗೊಳಿಸುವವರ ಗುರಿ ಇದಕ್ಕೆ ತೀರ ವಿರುದ್ಧ: ಮಾಲಿನ್ಯಕಾರಕದ ಅಣು ಸಾಧ್ಯವಾದಷ್ಟೂ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಒಡೆದುಹೋಗಬೇಕು.

ಕ್ರಿಯೆಯ ವಿವರಣೆ

ಕ್ರಿಯೆ ಹೇಗೆ ನಡೆಯುತ್ತದೆಂಬ ಇಂದಿನ ವಿವರಣೆ ಫೆಂಟನ್ ಅವರದಲ್ಲ. ಅವರು ನಿಧನರಾಗಿ ಐದು ವರ್ಷಗಳ ನಂತರ, 1934ರಲ್ಲಿ, ಫ್ರಿಟ್ಸ್ ಹಾಬರ್ ಮತ್ತು ಜೋಸೆಫ್ ವೈಸ್ ಅವರ ಪ್ರಬಂಧ ಪ್ರಕಟವಾಯಿತು. ನಾಜಿ ಆಡಳಿತದ ಕಾರಣ ಜರ್ಮನಿಯನ್ನು ತೊರೆದಿದ್ದ ಹಾಬರ್ ತಮ್ಮ ಕೊನೆಯ ದಿನಗಳ ಕೆಲವು ಕಾಲವನ್ನು ಕಳೆದದ್ದು ಫೆಂಟನ್ ಅವರ ಕೇಂಬ್ರಿಜ್‌ನಲ್ಲಿಯೇ. ಫೆರಸ್ ಅಯಾನು ಪೆರಾಕ್ಸೈಡಿಗೆ ಒಂದು ಎಲೆಕ್ಟ್ರಾನನ್ನು ಕೊಟ್ಟು ತಾನು ಫೆರಿಕ್ ಅಯಾನಾಗುತ್ತದೆ. ಪೆರಾಕ್ಸೈಡ್ ಒಡೆದು ಒಂದು ಹೈಡ್ರಾಕ್ಸೈಡ್ ಅಯಾನೂ ಒಂದು ಹೈಡ್ರಾಕ್ಸಿಲ್ ರ‍್ಯಾಡಿಕಲ್ಲೂ ಹುಟ್ಟುತ್ತವೆ ಎಂಬುದು ಅವರ ವಾದ. ಈ ರ‍್ಯಾಡಿಕಲ್ ಬಹುತೇಕ ಎಲ್ಲ ಸಾವಯವ ಅಣುಗಳ ಮೇಲೂ ಎರಗುತ್ತದೆ. ಇದರ ಆಯುಸ್ಸು ಮಾತ್ರ ಕ್ಷಣಾರ್ಧಕ್ಕಿಂತಲೂ ಅತಿ ಕಡಿಮೆ.

ಮಣ್ಣಿನ ಶುದ್ಧೀಕರಣದಲ್ಲಿ

1960ರ ದಶಕದಲ್ಲಿ ಫೀನಾಲ್ ಬೆರೆತ ತ್ಯಾಜ್ಯನೀರಿನ ಶುದ್ಧೀಕರಣಕ್ಕೆ ಫೆಂಟನ್ ಕಾರಕವನ್ನು ಪರೀಕ್ಷಿಸಲಾಯಿತು. 1990ರಲ್ಲಿ ಪೆಂಟಾಕ್ಲೋರೋಫೀನಾಲ್‌ನಿಂದ ಮಲಿನವಾದ ಮಣ್ಣಿನ ಮೇಲಿನ ಪ್ರಯೋಗಗಳು ಅಮೆರಿಕದಲ್ಲಿ ಪ್ರಕಟವಾದವು. ಇದು ಮರ ಹುಳುಹಿಡಿಯದಂತೆ ಬಳಸುತ್ತಿದ್ದ ವಿಷಕಾರಿ ವಸ್ತು. ಈ ಕ್ಷೇತ್ರದಲ್ಲಿ ಪರ್ಮಾಂಗನೇಟ್, ಪರ್‌ಸಲ್ಫೇಟ್ ಮತ್ತು ಓಜೋನ್‌ಗಳೂ ಬಳಕೆಯಲ್ಲಿವೆ. ಪರ್ಮಾಂಗನೇಟ್ ಮಣ್ಣಿನಲ್ಲಿ ಬಹುಕಾಲ ಉಳಿದು ಟ್ರೈಕ್ಲೋರೋಎಥಿಲೀನ್‌ನಂತಹ ದ್ರಾವಕಗಳನ್ನು ಚೆನ್ನಾಗಿ ಒಡೆಯುತ್ತದೆ, ಆದರೆ ಬೆಂಜೀನಿನ ಮುಂದೆ ನಿಷ್ಪ್ರಯೋಜಕ. ಫೆಂಟನ್ ಕಾರಕಕ್ಕೆ ಬೆಂಜೀನೂ ತಡೆಯಲ್ಲ.

ಪ್ರಯೋಗಾಲಯದ ಗಾಜಿನ ಪಾತ್ರೆಯಂತೆ ಭೂಮಿ ವರ್ತಿಸುವುದಿಲ್ಲ. ಪಿಎಚ್ ಮೌಲ್ಯ ಸುಮಾರು 3 ಇದ್ದಾಗ ಕ್ರಿಯೆ ಅತ್ಯಂತ ಸಮರ್ಥವಾಗಿರುತ್ತದೆ. ಅದು ಏರಿದಂತೆ ಫೆರಿಕ್ ಕಬ್ಬಿಣ ತುಕ್ಕಿನಂತೆ ಗರಣೆಗಟ್ಟಿ ಕ್ರಿಯೆಯಿಂದ ಹೊರಗುಳಿಯುತ್ತದೆ. ಸುಣ್ಣಕಲ್ಲಿನ ಅಂಶವಿರುವ ಮಣ್ಣನ್ನು ಅಷ್ಟು ಆಮ್ಲೀಯಗೊಳಿಸುವುದು ದುಬಾರಿ, ಅಲ್ಲದೆ ಆಮ್ಲವು ಭಾರಲೋಹಗಳನ್ನು ಕರಗಿಸಿ ಅಂತರ್ಜಲಕ್ಕೆ ಸೇರಿಸಬಹುದು. ಮಣ್ಣಿನ ಸಹಜ ಸಾವಯವ ಅಂಶ ಹಾಗೂ ಕಾರ್ಬನೇಟುಗಳು ರ‍್ಯಾಡಿಕಲ್‌ಗಳನ್ನು ಕಬಳಿಸುತ್ತವೆ. ಜೇಡಿಮಣ್ಣಿನ ಒಳಗೆ ಅಂಟಿಕೊಂಡ ಮಾಲಿನ್ಯಕ್ಕೆ ಕಾರಕ ತಲಪದೆ, ಶುದ್ಧವಾದಂತೆ ಕಂಡ ಅಂತರ್ಜಲದಲ್ಲಿ ಕೆಲವು ತಿಂಗಳ ಬಳಿಕ ಮಾಲಿನ್ಯ ಮತ್ತೆ ಕಾಣಿಸಿಕೊಳ್ಳುವುದುಂಟು. ಗಾಢ ಪೆರಾಕ್ಸೈಡನ್ನು ಹಾಯಿಸಿದಾಗ ಹೊಮ್ಮುವ ಶಾಖ ಮತ್ತು ಆಮ್ಲಜನಕ ಅನಿಲ ಅಪಾಯಕ್ಕೂ ಕಾರಣವಾಗಬಲ್ಲವು.

ಪಿಎಚ್‌ನ ತೊಡಕನ್ನು ನಿವಾರಿಸಲು ಸಿಟ್ರಿಕ್ ಆಮ್ಲದಂತಹ, ಕಬ್ಬಿಣವನ್ನು ಹಿಡಿದಿಟ್ಟು ಕರಗಿದ ಸ್ಥಿತಿಯಲ್ಲಿಡುವ ವಸ್ತುಗಳನ್ನು ಸೇರಿಸುತ್ತಾರೆ. ಕೆಲವೆಡೆ ಮಣ್ಣಿನಲ್ಲಿ ಸಹಜವಾಗಿರುವ ಗೋಥೈಟ್ ಮೊದಲಾದ ಕಬ್ಬಿಣದ ಖನಿಜಗಳನ್ನೇ ನೆಚ್ಚಿ ಪೆರಾಕ್ಸೈಡನ್ನು ಮಾತ್ರ ಹಾಯಿಸುತ್ತಾರೆ. ಫೆಂಟನ್ ಬಳಸಿದ ಅಲ್ಪ ಫೆರಸ್ ಲವಣಕ್ಕೂ ಸೌಮ್ಯ ದ್ರಾವಣಕ್ಕೂ ಇವು ಬಲು ದೂರವಾದ್ದರಿಂದ, ಇಂತಹ ವಿಧಾನಗಳನ್ನು ಮಾರ್ಪಡಿಸಿದ ಫೆಂಟನ್ ಕ್ರಿಯೆ ಎಂದು ಬೇರೆಯಾಗಿ ಹೆಸರಿಸುವುದು ರೂಢಿ.